ಅಕ್ಕನ ತಿರುಗೋ ಹೊತ್ತು

ನನ್ನ ಸೈಕಲ್ ಸೀಟು ಎತ್ತರ ಮಾಡಿಸಿದ್ದು ಅಕ್ಕ. ಅದನ್ನೇ ಮೊದಲು ಬರೀತೀನಿ, ಯಾಕಂದ್ರೆ ನಮ್ಮ ಪರಿಚಯ ಶುರುವಾಗಿದ್ದೇ ಆ ಸೀಟಿಂದ.

ಆಗ ನಾನು ದೇಶ ಬಿಟ್ಟು ಮಿಲ್ಪಿಟಾಸಿಗೆ ಬಂದು ವರ್ಷನೂ ತುಂಬಿರ್ಲಿಲ್ಲ. ನನ್ನ ಹೆಂಡ್ತಿ ಇಲ್ಲಿ ನರ್ಸು. ಅವಳಿಗೆ ಕೆಲಸ ಸಿಕ್ಕಿ ಬಂದ್ಲು, ಅವಳ ಹಿಂದೆ ನಾನು ಬಂದೆ. ಎಲೆಕ್ಟ್ರಾನಿಕ್ ಬೋರ್ಡು ಮಾಡೋ ಒಂದು ಫ್ಯಾಕ್ಟರೀಲಿ ಅಸೆಂಬ್ಲಿ ಲೈನಲ್ಲಿ ನನಗೂ ಕೆಲಸ ಆಯ್ತು. ಕಾರು ಅವಳು ತಗೊಂಡು ಹೋಗೋಳು. ನಾನು ಡ್ರೈವಿಂಗ್ ಟೆಸ್ಟಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಅದಕ್ಕೇ ಒಂದು ಹಳೇ ಸೈಕಲ್ ತಗೊಂಡೆ. ನಮ್ಮ ಚಳ್ಳಕೆರೇಲಿ ಸೈಕಲ್ಲು ಅಂದ್ರೆ ಹಿಂದೆ ಶೇಂಗಾ ಮೂಟೆ, ಹ್ಯಾಂಡಲಿಗೆ ಹಾಲಿನ ಕ್ಯಾನು. ಮೂಟೆ ವಾಲಿದ್ರೆ ತಕ್ಷಣ ಎರಡೂ ಕಾಲು ನೆಲಕ್ಕೆ ಊರಬೇಕು. ಹಂಗಾಗಿ ಸೀಟು ಯಾವಾಗ್ಲೂ ತಗ್ಗಲ್ಲೇ. ಇಲ್ಲೂ ಹಂಗೇ ಇಟ್ಕೊಂಡಿದ್ದೆ.

ಒಂದಿನ ಫ್ಯಾಕ್ಟರಿ ಹಿಂದಿನ ಸೈಕಲ್ ಸ್ಟ್ಯಾಂಡಲ್ಲಿ ಬೀಗ ಹಾಕ್ತಿದ್ದೆ. ಹಿಂದಿಂದ ಒಂದು ದನಿ ಬಂತು.

"ಎಂತ ಮಾರಾಯ, ಕುಕ್ಕರುಗಾಲಲ್ಲಿ ಕೂತು ಸೈಕಲ್ ಬಿಡುದಾ? ಮಂಡಿ ಹೋಗ್ತದೆ, ಗೊತ್ತುಂಟಾ?"

ಕನ್ನಡ! ತಿರುಗಿ ನೋಡಿದೆ. ಅರವತ್ತರ ಹತ್ತಿರದ ಹೆಂಗಸು. ಕುಳ್ಳಗೆ, ಗಟ್ಟಿಮುಟ್ಟಾಗಿ ಇದ್ರು. ತಲೆಗೆ ಹೆಲ್ಮೆಟ್ಟು, ಮೈಮೇಲೆ ಹತ್ತಿ ಚೂಡಿದಾರ. ಪ್ಯಾಂಟಿನ ಅಂಚು ಚೈನಿಗೆ ಸಿಗಬಾರದು ಅಂತ ಎರಡೂ ಕಾಲಿಗೆ ಬಟ್ಟೆ ಒಣಹಾಕೋ ಕ್ಲಿಪ್ಪು ಸಿಗಿಸ್ಕೊಂಡಿದ್ರು. ನಾನು ಕನ್ನಡದೋನು ಅಂತ ಹೆಂಗೆ ಗೊತ್ತಾಯ್ತು ಅಂತ ಕೇಳಿದ್ದಕ್ಕೆ, "ನೀನು ಬೀಗಕ್ಕೆ ಬೈತಾ ಇದ್ದೆ" ಅಂದ್ರು. ಬ್ಯಾಗಿಂದ ಪಾನಾ ತೆಗೆದು ನನ್ನ ಕೈಗೇ ಕೊಟ್ರು. ತಾವು ಮುಟ್ಟಲಿಲ್ಲ. "ಇನ್ನೂ ಮೇಲೆ. ಇನ್ನೂ. ಹೆದರ್ಬೇಡ, ಬಿದ್ದರೆ ನಾನು ನಗುವುದಿಲ್ಲ."

ನಾನು ಬಿದ್ದೆ. ಅವ್ರು ನಕ್ಕರು.

ಅವ್ರು ಉಡುಪಿ ಕಡೆಯೋರು, ಮನೇಲಿ ತುಳು ಮಾತಾಡೋರು. ಫ್ಯಾಕ್ಟರೀಲಿ ಇನ್‌ಸ್ಪೆಕ್ಷನ್ ಮುಖ್ಯಸ್ಥೆ. ಲೈನಿಂದ ಬಂದ ಬೋರ್ಡು ಅವರ ಮೇಜು ದಾಟಿದ್ರೇನೇ ಪ್ಯಾಕಿಂಗಿಗೆ ಹೋಗೋದು. ಗಂಡ ತೀರ್ಕೊಂಡು ಬಹಳ ವರ್ಷ ಆಗಿತ್ತು, ಮಕ್ಕಳಿರ್ಲಿಲ್ಲ. ಅದನ್ನ ಒಂದೇ ಸಲ ಹೇಳಿದ್ರು, ನಾನೂ ಮತ್ತೆ ಕೇಳಲಿಲ್ಲ. ಅವರ ಹೆಸರು ಇಲ್ಲಿ ಹಾಕಲ್ಲ. ಹಾಕಿದ್ರೆ ಬೈತಾರೆ. ನಾನು ಅಕ್ಕ ಅಂತಿದ್ದೆ, ಇಲ್ಲೂ ಹಂಗೇ ಬರೀತೀನಿ.

ನಾನು ಶಾಲೆ ಮೆಟ್ಟಿಲು ಹತ್ತಿದ್ದೇ ತಡವಾಗಿ. ಹತ್ತನೇ ಕ್ಲಾಸು ಪಾಸಾಗೋ ಹೊತ್ತಿಗೆ ಮೀಸೆ ದಟ್ಟವಾಗಿತ್ತು. ಈಗ ಇದನ್ನ ಟೈಪ್ ಮಾಡೋದೂ ಒಂದೇ ಬೆರಳಲ್ಲಿ. ನನ್ನ ಮಗಳು ಹಿಂದೆ ನಿಂತು ನೋಡಿ, "ಅಪ್ಪ, ದಿಸ್ ವಿಲ್ ಟೇಕ್ ಫಾರೆವರ್" ಅಂತಾಳೆ. ಆಗ್ಲಿ. ಅಕ್ಕ ಅಂತಿದ್ರು, "ನಿಧಾನ ಮಾಡುವವನಿಗೆ ಬೈಯಬೇಡಿ, ಎರಡು ಸಲ ಮಾಡುವವನಿಗೆ ಬೈಯಿರಿ" ಅಂತ.

ಅವರ ಕೆಲಸದ ಒಂದು ರೀತಿ ಹೇಳಬೇಕು, ಅದು ಗೊತ್ತಿಲ್ದಿದ್ರೆ ಮುಂದಿಂದು ಅರ್ಥ ಆಗಲ್ಲ.

ಒಂದು ಶುಕ್ರವಾರ ಸಂಜೆ ಲೈನಲ್ಲಿ ಜನ ಕಮ್ಮಿ ಇದ್ರು. ಒಂದು ಬೋರ್ಡಲ್ಲಿ ಬೆಸುಗೆ ಸರಿ ಕೂತಿರ್ಲಿಲ್ಲ. ಅಕ್ಕ ತಾವೇ ಕೂತು ಬಿಚ್ಚಿ ಮತ್ತೆ ಬೆಸೆದ್ರು. ಅವರ ಕೈ ಅಂದ್ರೆ ಕೈ. ಹೊರಗೆ ಟ್ರಕ್ಕು ಕಾಯ್ತಿತ್ತು, ಮ್ಯಾನೇಜರು ಬಾಗಿಲಲ್ಲಿ ಕಾಲು ಬದಲಾಯಿಸ್ತಾ ನಿಂತಿದ್ದ. ಅಕ್ಕ ನನ್ನ ಕರೆದ್ರು.

"ಬಾ ಇಲ್ಲಿ. ಇದನ್ನು ನೋಡು."

"ನೀವು ಮಾಡಿದ್ದನ್ನ ನಾನೇನು ನೋಡೋದು ಅಕ್ಕಾ? ಸರೀನೇ ಇರುತ್ತೆ."

"ನಾನು ಮಾಡಿದ್ದಕ್ಕೇ ನೀನು ನೋಡಬೇಕಾದ್ದು. ಮಾಡಿದವರ ಕಣ್ಣಿಗೆ ಅವರ ತಪ್ಪು ಕಾಣುದಿಲ್ಲ. ನಾನು ಮಾಡಿ ನಾನೇ ಪಾಸು ಅಂದರೆ ಅದು ಲೆಕ್ಕಕ್ಕಿಲ್ಲ ಮಾರಾಯ."

ನಾನು ಭೂತಗನ್ನಡಿ ಕೆಳಗೆ ಇಟ್ಟು ನೋಡಿದೆ. ಮ್ಯಾನೇಜರು ಗಡಿಯಾರ ನೋಡ್ತಿದ್ದ. ಅಕ್ಕ ಅವಸರ ಮಾಡಲಿಲ್ಲ, ಗೋಡೆ ಕಡೆ ಮುಖ ಮಾಡಿ ನಿಂತಿದ್ರು. ತಾವು ನೋಡ್ತಾ ನಿಂತ್ರೆ ನನಗೆ ಮುಲಾಜು ಆಗುತ್ತೆ ಅಂತ. ಕಡೇಗೆ ನಾನು "ಪಾಸು ಅಕ್ಕಾ" ಅಂದೆ.

"ಪಾಸಾ?"

"ಪಾಸು."

ಆಮೇಲೇ ಬೋರ್ಡು ಟ್ರಕ್ಕಿಗೆ ಹೋಗಿದ್ದು. ಮನೇಗೆ ಬಂದು ಹೆಂಡ್ತಿಗೆ ಇದನ್ನ ಎಷ್ಟು ಸಲ ಹೇಳಿದೆನೋ, ಅವಳು "ಆಯ್ತು, ಪಾಸು, ಊಟ ಮಾಡಿ" ಅಂದ್ಲು.

ಶನಿವಾರ ಭಾನುವಾರ ನಾವು ಸೈಕಲ್ ತುಳೀತಿದ್ವಿ. ಮೊದಮೊದಲು ಕಾಲುವೆ ಪಕ್ಕದ ದಾರೀಲಿ, ಆಮೇಲೆ ಕ್ಯಾಲವೆರಸ್ ರಸ್ತೆ ಹಿಡಿದು ಗುಡ್ಡದ ಕಡೆ. ಬೇಸಿಗೇಲಿ ಇಲ್ಲಿನ ಗುಡ್ಡಗಳು ಹುಲ್ಲು ಬಣವೆ ಬಣ್ಣಕ್ಕೆ ತಿರುಗ್ತವೆ. ನೋಡಿದ್ರೆ ನಮ್ಮೂರ ಕಡೆಯವೇ ಅನ್ಸುತ್ತೆ. ಅಕ್ಕನಿಗೆ ಮಾತ್ರ ಅದು ಸೇರ್ತಿರ್ಲಿಲ್ಲ. "ಗುಡ್ಡ ಅಂದ ಮೇಲೆ ಹಸಿರು ಬೇಡವಾ? ಇದೆಂತ, ಹುರಿದ ಹಪ್ಪಳದ ಹಾಗೆ." ಸೈಕಲ್ ಹೋಗೋವರೆಗೂ ಸೈಕಲ್ಲು, ಆಮೇಲೆ ಎಲ್ಲಾದ್ರೂ ಪೊದೆ ಪಕ್ಕ ನಿಲ್ಲಿಸಿ ನಡಿಗೆ. "ಮೊದಲು ಚಕ್ರ, ಆಮೇಲೆ ಕಾಲು" ಅಂತಿದ್ರು. ಅವರ ಮಂಡಿ ಸವೆದಿತ್ತು. ತುಳಿದ್ರೆ ನೋವಿಲ್ಲ, ಇಳಿಜಾರಲ್ಲಿ ನಡೆದ್ರೆ ನೋವು. ಅದಕ್ಕೇ ನಡಿಗೆ ಎಷ್ಟು ಕಮ್ಮಿ ಆಗುತ್ತೋ ಅಷ್ಟು ಕಮ್ಮಿ ಮಾಡಿ, ಉಳಿದ ಕಾಲನ್ನ ತುದಿಗೆ ಅಂತ ಎತ್ತಿಡೋರು.

ಅವರದ್ದೊಂದು ಕಟ್ಟು ಇತ್ತು: ತಿರುಗೋ ಹೊತ್ತು. ಬೆಳಿಗ್ಗೆ ಮನೇಲಿ ಚಾ ಕುಡೀತಾ ಕೂತಾಗ್ಲೇ ಇಷ್ಟು ಗಂಟೆಗೆ ಎಲ್ಲಿದ್ರೆ ಅಲ್ಲಿಂದ ವಾಪಸ್ ಅಂತ ತೀರ್ಮಾನ ಆಗ್ಬೇಕು. "ಗುಡ್ಡದ ಮೇಲೆ ಮನುಷ್ಯನಿಗೆ ತಲೆ ಇರುದಿಲ್ಲ, ಆಸೆ ಮಾತ್ರ ಇರುದು. ತಲೆ ಇರುವಾಗಲೇ ಗಂಟೆ ಇಡಬೇಕು." ಫೋನಲ್ಲಿ ಅಲಾರಂ ಇಡೋರು. ಆ ಅಲಾರಂ ಸದ್ದು ಯಾವುದು ಅಂತೀರಿ? ನಮ್ಮ ಫ್ಯಾಕ್ಟರಿಯ ಶಿಫ್ಟ್ ಬೆಲ್ಲು! ತಾವೇ ರೆಕಾರ್ಡು ಮಾಡ್ಕೊಂಡಿದ್ರು.

ಒಂದ್ಸಲ ಮಿಷನ್ ಪೀಕ್ ಬೆಟ್ಟಕ್ಕೆ ನಮ್ಮ ಜೊತೆ ಕನ್ನಡ ಕೂಟದ ಕಾರ್ಯದರ್ಶಿಗಳೂ ಬಂದಿದ್ರು. ಬೆಂಗಳೂರಿನೋರು, ಎಂಜಿನಿಯರು, ಸರಟೋಗಾದಲ್ಲಿ ಮನೆ, ಒಳ್ಳೇ ಮನುಷ್ಯ. ದಾರೀಲಿ ಅವರಿಗೆ ಆಫೀಸಿಂದ ಎರಡು ಫೋನು ಬಂದು ತಡ ಆಯ್ತು. ತುದಿ ಇನ್ನೇನು ಕಲ್ಲೆಸೆತದ ದೂರದಲ್ಲಿದೆ, ಅಷ್ಟರಲ್ಲಿ ಶಿಫ್ಟ್ ಬೆಲ್ಲು ಹೊಡೀತು. ಅಕ್ಕ ತಿರುಗಿದ್ರು.

"ಅಕ್ಕಾ, ಜಸ್ಟ್ ಫೈವ್ ಮಿನಿಟ್ಸು! ತುದಿ ಅಲ್ಲೇ ಇದೆ, ಒಂದು ಫೋಟೋ ತೆಗೆದು ಬಂದ್ಬಿಡೋಣ!"

"ಅದು ಅಲ್ಲೇ ಇರ್ತದೆ. ಎಲ್ಲಿಗೂ ಓಡಿಹೋಗುದಿಲ್ಲ. ನೀವು ಹೋಗಿ ಬನ್ನಿ, ನಾನು ಕೆಳಗೆ ಅವಲಕ್ಕಿ ತಿನ್ನುತ್ತಾ ಇರ್ತೇನೆ."

ಅವರು ಹೋಗಿ ಫೋಟೋ ತೆಗೆದು ಬಂದ್ರು. ಆವತ್ತಿಂದ ಕೂಟದಲ್ಲಿ ಅಕ್ಕನಿಗೆ "ಮುಕ್ಕಾಲು ಬೆಟ್ಟ" ಅಂತ ಹೆಸರಾಯ್ತು. ಯುಗಾದಿ ಊಟಕ್ಕೆ ಕೂತಾಗ, "ಅಕ್ಕನಿಗೆ ಮುಕ್ಕಾಲು ಹೋಳಿಗೆ ಹಾಕ್ರಪ್ಪಾ" ಅಂತ ತಮಾಷೆ. ಅಕ್ಕನೂ ನಗೋರು. "ಉಳಿದ ಕಾಲು ಹೋಳಿಗೆ ಪ್ಯಾಕ್ ಮಾಡಿ ಕೊಡಿ."

ಈಗ ಅಜ್ಜನ ವಿಷಯಕ್ಕೆ ಬರ್ತೀನಿ. ಅಜ್ಜ ಅಂದ್ರೆ ಮನುಷ್ಯ ಅಲ್ಲ, ಬೆಟ್ಟ. ಸ್ಕಾಟ್ಲೆಂಡಿನ ಉತ್ತರದ ತುದೀಲಿ, ಯಾವ ಊರಿಗೂ ಹತ್ತಿರ ಇಲ್ಲದ ಜಾಗದಲ್ಲಿ ಇದೆ. ಅದರ ಹೆಸರು ನನ್ನ ಬಾಯಲ್ಲಿ ಹೊರಳಲ್ಲ, ಅಕ್ಕನ ಬಾಯಲ್ಲೂ ಹೊರಳ್ತಿರ್ಲಿಲ್ಲ. ನಮ್ಮ ಫ್ಯಾಕ್ಟರೀಲಿ ಮುಂಚೆ ಮೆಷಿನ್ ರಿಪೇರಿಗೆ ಇದ್ದ ಒಬ್ಬ ಸ್ಕಾಟ್ಲೆಂಡಿನ ಮುದುಕರು ಅದರ ಫೋಟೋ ಗೋಡೆಗೆ ಅಂಟಿಸಿದ್ರಂತೆ. ಅವರು ರಿಟೈರ್ ಆದ ಮೇಲೆ ಅಕ್ಕ ಅದನ್ನ ತಮ್ಮ ಮೇಜಿನ ಮೇಲ್ಗಡೆ ಅಂಟಿಸ್ಕೊಂಡ್ರು. ಬೂದು ಬಣ್ಣದ ಬೋಳು ತಲೆ, ಹೆಗಲ ಮೇಲೆ ಮೋಡ. ನಿಜವಾಗ್ಲೂ ಹೊದ್ದು ಕೂತಿರೋ ಅಜ್ಜನ ಥರಾನೇ ಇತ್ತು. ಅಲ್ಲಿಗೆ ಕಾರು ಹೋಗಲ್ಲ. ಮಣ್ಣು ದಾರೀಲಿ ಬಹಳ ದೂರ ಸೈಕಲ್ ತುಳೀಬೇಕು, ದಾರಿ ಮುಗಿದ ಕಡೆ ಸೈಕಲ್ ಬಿಟ್ಟು ನಡೀಬೇಕು. ಸೈಕಲ್ ಇಲ್ದೆ ಹೋದ್ರೆ ಬುಡ ಮುಟ್ಟೋ ಹೊತ್ತಿಗೇ ದಿನ ಮುಗಿಯುತ್ತೆ.

"ನನಗೆ ಅಂತಲೇ ಮಾಡಿಟ್ಟ ಗುಡ್ಡ ಇದು. ಮೊದಲು ಚಕ್ರ, ಆಮೇಲೆ ಕಾಲು" ಅಂದ್ರು ಅಕ್ಕ.

ಆ ವರ್ಷ ಡಾಕ್ಟ್ರು ಎರಡೂ ಮಂಡಿ ಬದಲಾಯಿಸ್ಬೇಕು ಅಂತ ಹೇಳಿದ್ರು. ಆಮೇಲೆ ಸಮತಟ್ಟು ನೆಲದಲ್ಲಿ ಓಡಾಡಬಹುದು, ಕಲ್ಲುಬೆಟ್ಟ ಹತ್ತೋದು ಮರೆತುಬಿಡಿ ಅಂದಿದ್ರು. ಅಕ್ಕ ಆಪರೇಷನ್ನು ಚಳಿಗಾಲಕ್ಕೆ ದೂಡಿದ್ರು. ಜೂನಲ್ಲಿ ಅಜ್ಜ. ಆ ಜೂನಲ್ಲಿ ಆಗ್ಲಿಲ್ಲ ಅಂದ್ರೆ ಇನ್ನು ಜನ್ಮದಲ್ಲಿ ಇಲ್ಲ. ಇದು ನನಗೂ ಗೊತ್ತು, ಅವರಿಗೂ ಗೊತ್ತು.

ನನ್ನ ಹೆಂಡ್ತೀನೇ ಹೇಳಿದ್ಲು, "ಅಕ್ಕ ಒಬ್ರೇ ಹೋಗೋದು ಬೇಡ, ನೀವೂ ಹೋಗಿ. ಮಂಡಿ ಊದಿದ್ರೆ ಐಸ್ ಇಡಿ. ಹಟ ಮಾಡಿದ್ರೆ ನನಗೆ ಫೋನ್ ಮಾಡಿ." ನಾನು ಅಮ್ಮ ಕಳಿಸಿದ್ದ ಚಳ್ಳಕೆರೆ ಕಂಬಳಿ ತಗೊಂಡೆ. ಅಕ್ಕ ನೋಡಿ ಹಣೆ ಚಚ್ಕೊಂಡ್ರು. "ವಿಮಾನದಲ್ಲಿ ಕಂಬಳಿ! ಕುರಿಯನ್ನೂ ಕರ್ಕೊಂಡು ಬಾ, ಒಂದು ಸೀಟು ಉಂಟು." ತಾವು ತಂದಿದ್ದೇನು ಗೊತ್ತಾ? ಕಬ್ಬಿಣದ ಸೈಕಲ್ ಬೀಗ, ಕಂಬಳಿಗಿಂತ ಭಾರ. ಮಿಲ್ಪಿಟಾಸ್ ರೈಲು ಸ್ಟೇಷನ್ ಹೊರಗೆ ಒಂದ್ಸಲ ಅವರ ಸೈಕಲ್ ಕಳುವಾಗಿತ್ತು. ಆವತ್ತಿಂದ ಬೀಗ ಇಲ್ದೆ ಮನೆಯಿಂದ ಹೊರಡ್ತಿರ್ಲಿಲ್ಲ.

ಅಲ್ಲಿನ ಸಣ್ಣ ಊರಲ್ಲಿ ಸೈಕಲ್ ಬಾಡಿಗೆಗೆ ಕೊಟ್ಟೋನು ಆ ಬೀಗ ನೋಡಿ ನಕ್ಕ. "ಯಾರು ಕದೀತಾರೆ? ಕುರಿಗಳಾ?" ಅಂತ ಇಂಗ್ಲಿಷಲ್ಲಿ ಕೇಳಿದ. ಅಕ್ಕ "ಕುರಿಗಳ ಮೇಲೆ ನನಗೆ ನಂಬಿಕೆ ಇಲ್ಲ" ಅಂದ್ರು.

ನಾವು ತಲುಪಿದ ಸಾಯಂಕಾಲ ಮೋಡ ಕವಿದು ಮಳೆ ಸುರೀತಿತ್ತು. ನಿದ್ದೆಗೆಟ್ಟು ಬಂದಿದ್ವಿ. ಉಳ್ಕೊಂಡಿದ್ದ ಮನೆಯ ಯಜಮಾನಿ ಸೂಪು ಕೊಟ್ಳು. ದಪ್ಪ ಪರದೆ ಎಳೆದು ಅವರವರ ರೂಮಲ್ಲಿ ಸತ್ತೋರ ಥರ ಮಲಗಿಬಿಟ್ವಿ. ಬೆಳಿಗ್ಗೆ ಚಾ ಕುಡೀತಾ ಅಕ್ಕ ಗಂಟೆ ಇಟ್ರು. ಮಧ್ಯಾಹ್ನ ಎರಡು. "ಎರಡಕ್ಕೆ ತಿರುಗಿದರೆ ಇಳಿಯಲಿಕ್ಕೆ ಇಷ್ಟು, ಸೈಕಲಿಗೆ ಇಷ್ಟು, ನನ್ನ ಮಂಡಿಗೆ ಇಷ್ಟು. ಕತ್ತಲಾಗುವ ಮೊದಲು ಮನೆ." ನಾನೂ ಲೆಕ್ಕ ಹಾಕಿದೆ. ಜೂನಲ್ಲಿ ನಮ್ಮ ಮಿಲ್ಪಿಟಾಸಲ್ಲಿ ಕತ್ತಲಾಗೋದು ಎಂಟೂವರೆ ಮೇಲೆ. ಸರಿಯಾಗೇ ಇತ್ತು.

ಮಣ್ಣು ದಾರಿ, ಎರಡೂ ಕಡೆ ಜೌಗು, ಕಣ್ಣು ಹಾಯೋವರೆಗೂ ಒಂದು ಮನೆ ಇಲ್ಲ. ಕುರಿಗಳು ಮಾತ್ರ ಇದ್ವು. ನಮ್ಮ ಕುರಿಗಳಿಗಿಂತ ದಪ್ಪ, ಆದ್ರೆ ಅದೇ ಮಂಕು ನೋಟ. ಅಡ್ಡ ಬಂದ ಒಂದು ಹೊಳೇಲಿ ಸೈಕಲ್ ಹೊತ್ಕೊಂಡು ದಾಟೋವಾಗ ಕಾಲು ಜಾರಿ ನನ್ನ ಫೋನು ನೀರಿಗೆ ಬಿತ್ತು. ಎತ್ತಿದೆ, ಸತ್ತು ಹೋಗಿತ್ತು. ದಾರಿ ಮುಗಿದ ಕಡೆ ಅಕ್ಕ ಎರಡೂ ಸೈಕಲ್ ಸೇರಿಸಿ, ಒಂದು ಬೇಲಿಗೂಟಕ್ಕೆ ಬಿಗಿದು ಬೀಗ ಹಾಕಿದ್ರು. ನಾನು ಸುತ್ತ ನೋಡಿದೆ. ನರಪಿಳ್ಳೆ ಇಲ್ಲ. "ನಗಬೇಡ, ಅಭ್ಯಾಸ" ಅಂದ್ರು.

ಹತ್ತಿದ್ವಿ. ಕಲ್ಲು, ಮೋಡ, ಮತ್ತೆ ಕಲ್ಲು. ಅಕ್ಕ ಎರಡು ಕೋಲು ಊರಿ ಒಂದೊಂದೇ ಹೆಜ್ಜೆ ಇಡೋರು. ಬೆಟ್ಟದ ಭುಜ ಮುಟ್ಟಿದಾಗ ಮೋಡ ಸ್ವಲ್ಪ ಹರೀತು, ಅಜ್ಜನ ತಲೆ ಕಾಣಿಸ್ತು. ತುದೀಲಿ ಯಾರೋ ಪೇರಿಸಿಟ್ಟ ಕಲ್ಲಿನ ಗುಡ್ಡೆ ಕೂಡ ಕಾಣಿಸ್ತು. ಬೇಗ ನಡೆಯೋರಿಗೆ ಅರ್ಧ ಗಂಟೆ ದಾರಿ, ಅಕ್ಕನಿಗೆ ಒಂದು ಗಂಟೆ. ನಾನು ಖುಷೀಲಿ ಕೂಗೋಕೆ ಬಾಯಿ ತೆಗೆದೆ.

ಶಿಫ್ಟ್ ಬೆಲ್ಲು ಹೊಡೀತು.

ಆ ಬೋಳು ಬೆಟ್ಟದ ಮೇಲೆ, ಗಾಳೀಲಿ, ಮಿಲ್ಪಿಟಾಸಿನ ಫ್ಯಾಕ್ಟರಿ ಬೆಲ್ಲು. ಅಕ್ಕ ನಿಂತ್ರು. ತುದಿ ನೋಡಿದ್ರು. ಅಲಾರಂ ಆರಿಸಿದ್ರು.

"ಹೋಗುವಾ."

"ಅಕ್ಕಾ, ಬೇಡ ಅಕ್ಕಾ. ಅಲ್ಲೇ ಕಾಣ್ತಿದೆ. ಇಷ್ಟು ದೂರ ಬಂದು..."

"ಹೋಗುವಾ ಮಾರಾಯ."

"ನಿಮ್ಮ ಮಂಡಿಗೆ ಮುಂದಿನ ವರ್ಷ ಇಲ್ಲ ಅಕ್ಕಾ!"

ಹೇಳಬಾರದಿತ್ತೇನೋ, ಆದ್ರೆ ಬಾಯಿಗೆ ಬಂದುಬಿಡ್ತು. ಅವ್ರು ಸಿಟ್ಟು ಮಾಡ್ಕೊಳ್ಲಿಲ್ಲ. "ನಿನ್ನ ಕಾಲು ಗಟ್ಟಿ ಉಂಟು. ನೀನು ಹೋಗಿ ಬಾ, ನಾನು ಕೂತಿರ್ತೇನೆ. ಆದರೆ ಗಂಟೆ ಇಟ್ಟದ್ದು ಇಬ್ಬರಿಗೂ ಸೇರಿ." ನಾನು ಹೋಗಲಿಲ್ಲ. ಅಕ್ಕ ಇಲ್ದೆ ನನಗೆ ಆ ತುದಿ ಯಾಕೆ? ಇಳಿಯೋಕೆ ಶುರು ಮಾಡಿದ್ವಿ. ನಾನು ಹತ್ತು ಸಲ ತಿರುಗಿ ನೋಡಿದೆ. ಅಕ್ಕ ಒಂದ್ಸಲಾನೂ ನೋಡಲಿಲ್ಲ. ಅವರ ಬೆನ್ನು ನನ್ನ ಮುಂದೆ ಇತ್ತು. ಎರಡು ಸಲ ಮೂಗು ಒರೆಸ್ಕೊಂಡ್ರು. ಚಳಿಗೆ ಅಂತ ಅಂದ್ಕೊಂಡೆ.

ಸೈಕಲ್ ಹತ್ತಿ ವಾಪಸ್ ಬರ್ತಿದ್ರೆ ಆಕಾಶ ಪೂರ್ತಿ ತಿಳಿಯಾಯ್ತು. ಬಿಸಿಲು ಬಂತು. ಊರು ಸೇರಿದಾಗ ವಾಚಲ್ಲಿ ಏಳು ಗಂಟೆ ದಾಟಿದೆ, ಸೂರ್ಯ ನೋಡಿದ್ರೆ ನಾಲ್ಕು ಗಂಟೆಯೋನ ಥರ ಆರಾಮಾಗಿ ನಿಂತಿದ್ದಾನೆ. ವಾಚು ಕೆಟ್ಟಿದೆ ಅಂತ ಕಿವೀಗೆ ಹಿಡಿದು ನೋಡಿದೆ.

ಯಜಮಾನಿ ಬಾಗಿಲಲ್ಲೇ ಕೇಳಿದ್ಲು, "ತುದಿ ಮುಟ್ಟಿದ್ರಾ?"

"ಇಲ್ಲ. ಕತ್ತಲಾಗುತ್ತೆ ಅಂತ ತಿರುಗಿದ್ವಿ" ಅಂತ ಅಕ್ಕ ಹೇಳಿದ್ರು.

ಆಕೆಗೆ ಅರ್ಥ ಆಗ್ಲಿಲ್ಲ. "ಕತ್ತಲಾ? ಯಾವಾಗ?"

"ರಾತ್ರಿ."

"ಈ ತಿಂಗಳಲ್ಲಿ ಇಲ್ಲಿ ಹನ್ನೊಂದು ಗಂಟೆಗೂ ಹೊರಗೆ ಕೂತು ಪೇಪರ್ ಓದಬಹುದು. ನಿಮಗೆ ಯಾರೂ ಹೇಳಲಿಲ್ವಾ?"

ನಾನು ಅಕ್ಕನ ಮುಖ ನೋಡೋಕೆ ಹೆದರಿದೆ. ಆಮೇಲೆ ಅವರ ಹೊಟ್ಟೆ ಅಲ್ಲಾಡೋಕೆ ಶುರುವಾಯ್ತು, ನಗು. ಬೆಂಚಿನ ಮೇಲೆ ಕೂತು, ಮಂಡಿ ಹಿಡ್ಕೊಂಡು, ಕಣ್ಣಲ್ಲಿ ನೀರು ಬರೋ ತನಕ ನಕ್ಕರು.

"ನಾವು ಮಿಲ್ಪಿಟಾಸಿನ ಸೂರ್ಯನನ್ನು ಲಗೇಜಲ್ಲಿ ಹಾಕ್ಕೊಂಡು ಬಂದದ್ದು ಮಾರಾಯ!"

ನಮ್ಮ ಕೂಟದೋರಿಗೆ ಗೊತ್ತಿರೋ ಕಥೆ ಇಲ್ಲಿಗೆ ಮುಗಿಯುತ್ತೆ. ವಾಪಸ್ ಬಂದ ಮೇಲೆ ದೀಪಾವಳಿ ಊಟದಲ್ಲಿ ಅಕ್ಕಾನೇ ಇದನ್ನ ನಟನೆ ಮಾಡಿ ಹೇಳಿದ್ರು. ನನ್ನ ಕಂಬಳಿ, ಬೀಗ, ಕುರಿ, ಬೆಲ್ಲು, ಕಡೇಗೆ ಲಗೇಜಿನ ಸೂರ್ಯ. ಜನ ಬಿದ್ದು ಬಿದ್ದು ನಕ್ಕರು. ನಗು ಮುಗಿಯೋ ಹೊತ್ತಿಗೆ ಪಾಯಸ ಬಂತು. "ಆಮೇಲೆ ಏನಾಯ್ತು?" ಅಂತ ಒಬ್ರೂ ಕೇಳಲಿಲ್ಲ. ಅಕ್ಕನೂ ಹೇಳಲಿಲ್ಲ. ನಾನು ಬಾಯಿ ತೆಗೆಯೋಕೆ ಹೋದ್ರೆ, "ಪಾಯಸ ಕುಡಿ" ಅಂದ್ರು.

ಹೋದ ತಿಂಗಳು ಅಕ್ಕ ರಿಟೈರ್ ಆದ್ರು. ಎರಡೂ ಮಂಡಿ ಬದಲಾಯಿಸಿಯಾಗಿದೆ. ಸ್ಯಾನ್ ಮಟಿಯೋದಲ್ಲಿ ತಂಗಿ ಮನೆ ಹತ್ತಿರ ಅಪಾರ್ಟ್‌ಮೆಂಟಿಗೆ ಹೋಗಿದ್ದಾರೆ. ನಮ್ಮ ಸೈಕಲ್ ಸ್ಟ್ಯಾಂಡಲ್ಲಿ ಅವರ ಜಾಗ ಖಾಲಿ. ಬೀಳ್ಕೊಡೋ ಊಟಕ್ಕೆ ಕೂಟದೋರೂ ಬಂದಿದ್ರು. ಕಾರ್ಯದರ್ಶಿಗಳು ಮೈಕ್ ಹಿಡಿದು ಪ್ರೀತಿಯಿಂದಾನೇ ಹೇಳಿದ್ರು, "ನಮ್ಮ ಅಕ್ಕ ಸ್ಕಾಟ್ಲೆಂಡಿನ ತನಕ ಹೋಗಿ, ಬೆಟ್ಟಕ್ಕೆ ಟಾಟಾ ಮಾಡಿ ಬಂದೋರು! ಮುಕ್ಕಾಲು ಬೆಟ್ಟ!" ಎಲ್ರೂ ಚಪ್ಪಾಳೆ. ಅಕ್ಕ ಎಲ್ರಿಗಿಂತ ಜೋರಾಗಿ ನಕ್ಕು, ಆಮೇಲೆ ನನ್ನ ಕಡೆ ನೋಡಿದ್ರು. ಒಂದೇ ಕ್ಷಣ. ಮತ್ತೆ ಗೋಡೆ ಕಡೆ ಮುಖ ತಿರುಗಿಸಿದ್ರು. ಆ ಶುಕ್ರವಾರ ಟ್ರಕ್ಕು ಕಾಯ್ತಿದ್ದಾಗ ತಿರುಗಿಸಿದ್ರಲ್ಲ, ಹಂಗೇ.

ಅದಕ್ಕೇ ಇದನ್ನ ಬರೀತಿದ್ದೀನಿ. ಸ್ಕಾಟ್ಲೆಂಡಿನ ಎರಡನೇ ದಿನದ ವಿಷಯ ಹೇಳ್ತೀನಿ.

ಮರುದಿನ ನಮಗೆ ಸುಮ್ನೆ ಇದ್ದ ದಿನ. ಅದರ ಮಾರನೇ ದಿನ ಬೆಳಿಗ್ಗೆ ವಾಪಸ್ ಹೋಗೋ ಬಸ್ಸು. ಅಕ್ಕನ ಮಂಡಿ ಹಲಸಿನಕಾಯಿ ಥರ ಊದಿತ್ತು. ಯಜಮಾನಿ ಫ್ರೀಜರಿಂದ ಬಟಾಣಿ ಪೊಟ್ಟಣ ತಂದುಕೊಟ್ಳು, ಅದನ್ನ ಮಂಡಿ ಮೇಲೆ ಇಟ್ಕೊಂಡು ಮಧ್ಯಾಹ್ನದ ತನಕ ಮಲಗಿದ್ರು. ನಾನು ಕಿಟಕಿ ಪಕ್ಕ ಕೂತಿದ್ದೆ. ಇನ್ನೇನು, ಮುಗೀತು ಅಂತ ಅಂದ್ಕೊಂಡಿದ್ದೆ. ಊಟ ಆದ ಮೇಲೆ ಅಕ್ಕ ಎದ್ದು ಕೂತು ಮಂಡಿ ಮಡಚಿ ಬಿಡಿಸಿ ನೋಡಿದ್ರು. ಊತ ಅರ್ಧಕ್ಕರ್ಧ ಇಳಿದಿತ್ತು.

"ಚಾ ಮಾಡಿಸು."

"ಈಗಾ?"

"ಗಂಟೆ ಇಡಬೇಕಲ್ಲ."

ಯಜಮಾನಿಯ ಲ್ಯಾಂಡ್‌ಲೈನಿಂದ ನಾನು ಹೆಂಡ್ತಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಜಾವ, ಡ್ಯೂಟಿಗೆ ಹೊರಡ್ತಿದ್ಲು. ಅಕ್ಕನ ಹತ್ರ ಮಾತಾಡಿಸಿದೆ. ಅದೇನು ಕೇಳಿದ್ಲೋ, ಅಕ್ಕ ಮಂಡಿ ಒತ್ತಿ ಒತ್ತಿ ಉತ್ತರ ಕೊಟ್ರು. ಕಡೇಗೆ ಅವಳು ನನಗೆ ಹೇಳಿದ್ದಿಷ್ಟು: "ಇಳಿಯೋವಾಗ ನೀವು ಮುಂದೆ ಇರಿ. ಅವರು ಬಿದ್ರೆ ನಿಮ್ಮ ಮೇಲೆ ಬೀಳ್ಲಿ."

ಆ ಸಲದ ತಿರುಗೋ ಹೊತ್ತು ರಾತ್ರಿ ಎಂಟು. ಮಧ್ಯಾಹ್ನದ ಮೇಲೆ ಬೆಟ್ಟ ಹತ್ತೋಕೆ ಹೊರಟಿರೋ ನಮ್ಮನ್ನ ನೋಡಿ ಸೈಕಲ್ ಅಂಗಡಿಯೋನು ಟೋಪಿ ತೆಗೆದ. ಬೀಗ ಆವತ್ತೂ ತಂದಿದ್ರು.

ದಾರಿ ಗೊತ್ತಿದ್ರಿಂದ ಬೇಗ ಹೋದ್ವಿ. ಹೊಳೇಲಿ ನೀರು ಇಳಿದಿತ್ತು. ಆದ್ರೆ ಕಲ್ಲು ಶುರುವಾದ ಮೇಲೆ ಅಕ್ಕನಿಗೆ ಕಷ್ಟ ಆಯ್ತು. ಎಡಗಾಲು ಮೇಲೆ ಇಡೋರು, ಕೋಲು ಊರೋರು, ಬಲಗಾಲು ಎಳ್ಕೊಳ್ಳೋರು. ಪ್ರತಿ ಸಲ "ಹೂಂ" ಅಂತ ಒಂದು ಸದ್ದು. ಕೈ ಕೊಡೋಕೆ ಹೋದೆ. "ಬೇಡ. ನೀನು ಎಳೆದರೆ ಅದು ನೀನು ಹತ್ತಿಸಿದ್ದು." ಹಿಂದಿನ ದಿನ ಬೆಲ್ಲು ಹೊಡೆದ ಜಾಗ ಬಂತು. ಅಲ್ಲಿ ನಿಲ್ಲಲೇ ಇಲ್ಲ. ಒಂದು ಕಲ್ಲಿಗೆ ಕೋಲಲ್ಲಿ ತಟ್ಟಿ ಮುಂದೆ ಹೋದ್ರು.

ಕಡೇ ಏರಲ್ಲಿ ಗಾಳಿ ಎಂಥದ್ದು ಅಂದ್ರೆ ನಿಲ್ಲೋಕಾಗಲ್ಲ. ನಾನು ಕಂಬಳಿ ಬಿಚ್ಚಿ ಕೊಪ್ಪೆ ಹಾಕಿ ಅವರ ತಲೆ ಮೇಲೆ ಹೊದಿಸಿದೆ. ಅಕ್ಕ ಬೈಲಿಲ್ಲ. ಕೊಪ್ಪೆ ಒಳಗಿಂದ ಮೂಗು ಮಾತ್ರ ಕಾಣ್ತಿತ್ತು. "ಬೆಚ್ಚಗುಂಟು ಮಾರಾಯ" ಅಂದ್ರು. ಕಡೇ ಸ್ವಲ್ಪ ದೂರ ಕೋಲು ಬಿಟ್ಟು ಕೈಕಾಲು ಊರ್ಕೊಂಡೇ ಹತ್ತಿದ್ರು, ಮಗು ಅಂಬೆಗಾಲಿಡೋ ಹಂಗೆ. ನಾನು ಹಿಂದೆ. ಯಾವ ಕ್ಷಣದಲ್ಲಿ ಬೆಲ್ಲು ಹೊಡೆಯುತ್ತೋ ಅಂತ ಕಿವಿ ಅಲ್ಲೇ ಇತ್ತು. ಹೊಡೆದಿದ್ರೆ ಅವರು ತಿರುಗೋರೇ. ಕಲ್ಲಿನ ಗುಡ್ಡೆಗೆ ಕೈಯಳತೆ ದೂರ ಇದ್ರೂ ತಿರುಗೋರು.

ಹೊಡೀಲಿಲ್ಲ.

ಅಕ್ಕ ಗುಡ್ಡೆ ಪಕ್ಕ ಎದ್ದು ನಿಂತ್ರು. ಇನ್ನೂ ಮುಟ್ಟಿರ್ಲಿಲ್ಲ. ನಾನು ಅವರ ಫೋನ್ ಕೇಳಿದೆ, ಫೋಟೋ ತೆಗೀತೀನಿ ಅಂತ.

"ಫೋಟೋ ಬೇಡ. ನೀನು ನೋಡು, ಸಾಕು. ಸರೀ ಕಣ್ಣಿಟ್ಟು ನೋಡು."

ಕೈಗವಸು ತೆಗೆದ್ರು. ಗುಡ್ಡೆಯ ಎಲ್ಲಕ್ಕಿಂತ ಮೇಲಿನ ಕಲ್ಲಿನ ಮೇಲೆ ಅಂಗೈ ಪೂರ್ತಿ ಊರಿದ್ರು, ಮನೇಲಿ ಹಿರಿಯರ ಕಾಲು ಮುಟ್ಟೋ ಥರ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ರು, ನಗದೆ, ಫ್ಯಾಕ್ಟರೀಲಿ ಕೇಳಿದ ಹಂಗೇ.

"ಪಾಸಾ?"

"ಪಾಸು ಅಕ್ಕಾ" ಅಂದೆ.

ಅಲಾರಮ್ಮಿಗೆ ಇನ್ನೂ ಹೊತ್ತಿತ್ತು. ಇಬ್ರೂ ಕಂಬಳಿ ಹೊದ್ದು ಗುಡ್ಡೆ ಮರೇಲಿ ಕೂತು ಅವಲಕ್ಕಿ ತಿಂದ್ವಿ. ಸುತ್ತ ಬರೀ ಬೆಟ್ಟ, ನೀರು, ಬೆಳಕು. ಒಂದು ದೀಪ ಇಲ್ಲ, ಒಂದು ರಸ್ತೆ ಇಲ್ಲ. ಅಕ್ಕ ತುಳುವಲ್ಲಿ ಏನೋ ತಮ್ಮಷ್ಟಕ್ಕೆ ಹೇಳ್ಕೊಂಡ್ರು. ನನಗೆ ತುಳು ಬರಲ್ಲ, ಕೇಳಲೂ ಇಲ್ಲ. ಬೆಲ್ಲು ಹೊಡೀತು. ತಕ್ಷಣ ಡಬ್ಬಿ ಮುಚ್ಚಿ ಎದ್ರು.

ಇಳಿಯೋವಾಗ ಬಹಳ ಕಡೆ ಕೂತ್ಕೊಂಡೇ ಜಾರಿದ್ರು. ಪ್ಯಾಂಟು ಹಿಂದೆ ಹರಿದುಹೋಯ್ತು. ಒಂದ್ಸಲ ನನ್ನ ಮೇಲೆ ಬಿದ್ರು, ನನ್ನ ಹೆಂಡ್ತಿ ಹೇಳಿದ್ದು ನಿಜವಾಯ್ತು. ಸೈಕಲ್ ಹತ್ತಿರ ಬಂದಾಗ ಬೀಗ ಹಂಗೇ ಇತ್ತು. ಪಕ್ಕದಲ್ಲಿ ಎರಡು ಕುರಿ ಮಲಗಿದ್ವು. "ಕಾವಲು" ಅಂದ್ರು ಅಕ್ಕ. ಆಮೇಲೆ ನಡುರಾತ್ರಿ ಆದ್ರೂ ಪೂರ್ತಿ ಆರದ ಆ ಬೆಳಕಲ್ಲಿ ಉದ್ದಕ್ಕೂ ಇಳಿಜಾರು, ತುಳಿಯೋದೇ ಬೇಡ. ಅವರ ದುಪಟ್ಟಾ ಹಿಂದೆ ಹಾರ್ತಿತ್ತು. ನನ್ನ ಮುಂದೆ ಹೋಗ್ತಿದ್ದ ಆ ಬೆನ್ನನ್ನ ನೋಡ್ತಾ ಎದೆ ಉಬ್ಬಿ ಬಂತು. ಈಗ ಬರೆಯೋವಾಗ್ಲೂ ಹಂಗೇ.

ವಿಮಾನದಲ್ಲಿ ನಾನು ಹೇಳಿದೆ, "ಇನ್ನು ಕೂಟದೋರ ಬಾಯಿ ಮುಚ್ಚುತ್ತೆ ಅಕ್ಕಾ."

"ನಾನು ಹತ್ತಿದೆ ಅಂತ ನಾನೇ ಹೇಳ್ಕೊಂಡು ತಿರುಗುದಾ? ಬೇಡ ಮಾರಾಯ."

"ನಾನು ಹೇಳ್ಲಾ?"

ಅಕ್ಕ ಕಂಬಳಿ ಎಳ್ಕೊಂಡು ಕಣ್ಣು ಮುಚ್ಚಿದ್ರು. ಬೇಡ ಅನ್ನಲಿಲ್ಲ.

ದೀಪಾವಳಿ ಊಟದಲ್ಲಿ ಪಾಯಸ ಕುಡಿ ಅಂದಿದ್ದಕ್ಕೆ ನಾನು ಸುಮ್ಮನಾಗಿದ್ದೆ. ಅವರ ಕಥೆ ಮಧ್ಯೆ ನಾನು ಬಾಯಿ ಹಾಕಬಾರದು ಅಂತ. ಈಗ ಅವರು ಕೆಲಸದಿಂದ ಇಳಿದಿದ್ದಾರೆ, ಮಂಡಿ ಬದಲಾಗಿದೆ, ಅಜ್ಜನ ಫೋಟೋ ನನ್ನ ಮೇಜಿನ ಮೇಲ್ಗಡೆ ಬಂದಿದೆ. ಇನ್‌ಸ್ಪೆಕ್ಷನ್ನು ನನ್ನ ಪಾಲಿಗೆ ಬಿದ್ದ ಕೆಲಸ.

ಕೂಟದೋರಿಗೆ, ಕಾರ್ಯದರ್ಶಿಗಳಿಗೆ, ಹೋಳಿಗೆ ಬಡಿಸೋರಿಗೆ: ಅಕ್ಕ ಮೇಲಿನ ಕಲ್ಲಿನ ಮೇಲೆ ಅಂಗೈ ಇಟ್ಟಿದ್ದನ್ನ ನಾನು ಪಕ್ಕದಲ್ಲೇ ನಿಂತು, ಕಣ್ಣಾರೆ ನೋಡಿದ್ದೀನಿ. ಇನ್ನು ಮೇಲೆ ಅವರ ಎಲೆಗೆ ಪೂರ್ತಿ ಹೋಳಿಗೆ ಹಾಕಿ.

ಪಾಸು.